ಕಂಠಪಾಠದ ಆಚೆಗಿನ ನಾಟಕ

ಈ ಬಾರಿ ನಾಟಕದ ಬಗ್ಗೆ, ಅದರಲ್ಲೂ ನಾಟಕದ ಹೆಸರಿನಲ್ಲಿ ಮಕ್ಕಳಿಗೆ ಸಿಗುತ್ತಿರುವುದೇನು ಎಂಬುದರ ಬಗ್ಗೆ ನಾಲ್ಕು ಮಾತು.

ಬ್ರಿಟನ್ನಿನ ರಂಗಮಂದಿರಗಳ ಕಾರ್ಯಕ್ರಮ ಪಟ್ಟಿಯ ಕೊನೆಯಲ್ಲಿ ಸಾಮಾನ್ಯವಾಗಿ 'ಸಮುದಾಯ' ಮತ್ತು 'ಕಲಿಕೆ' ಎಂಬ ವಿಭಾಗಗಳಿರುತ್ತವೆ. ಶಾಲೆಗಳಿಗೆ ಕಾರ್ಯಾಗಾರ, ಯುವಕರ ತಂಡ, ಹಿರಿಯರ ಗುಂಪು ಇತ್ಯಾದಿ. ಇವುಗಳಲ್ಲಿ ಕಲಿಕೆಯ ಪಾಲೆಷ್ಟು, ಟಿಕೆಟ್ ಮಾರಾಟದ ಪಾಲೆಷ್ಟು ಎಂದು ತೂಗಿ ನೋಡುವುದಕ್ಕೆ ಕವೆಂಟ್ರಿಯ ಅನುಭವವೇ ಒಳ್ಳೆಯ ತಕ್ಕಡಿ.

ಯುದ್ಧದಲ್ಲಿ ಬಾಂಬಿಗೆ ತುತ್ತಾದ ಆ ಊರು 1958ರಲ್ಲಿ ಬೆಲ್‌ಗ್ರೇಡ್ ರಂಗಮಂದಿರವನ್ನು ಕಟ್ಟಿಕೊಂಡಿತು. ಬೆಲ್‌ಗ್ರೇಡ್ ನಗರ ಉಡುಗೊರೆಯಾಗಿ ಕಳಿಸಿದ ಮರದ ನೆನಪಿಗೆ ಆ ಹೆಸರು. 1965ರಲ್ಲಿ ಅಲ್ಲಿ ಹುಟ್ಟಿದ್ದೇ 'ಥಿಯೇಟರ್ ಇನ್ ಎಜುಕೇಷನ್', ಅಂದರೆ ಶಿಕ್ಷಣದಲ್ಲಿ ರಂಗಭೂಮಿ. ತಂಡದವರನ್ನು ನಟ-ಶಿಕ್ಷಕರು ಎಂದು ಕರೆದರು. ಅವರು ಮಕ್ಕಳನ್ನು ಬಸ್ಸಿನಲ್ಲಿ ತುಂಬಿಸಿ ರಂಗಮಂದಿರಕ್ಕೆ ತರಿಸಿಕೊಳ್ಳಲಿಲ್ಲ. ತಾವೇ ಶಾಲೆಗಳಿಗೆ ಹೋದರು. ನೂರಾರು ಮಕ್ಕಳ ಸಭೆಗೆ ಬದಲು ಒಂದೆರಡು ತರಗತಿಯಷ್ಟೇ ಮಕ್ಕಳು. ಕಥೆ ಇಕ್ಕಟ್ಟಿನ ಜಾಗಕ್ಕೆ ಬಂದಾಗ ಮುಂದೇನು ಎಂದು ಯೋಚಿಸುವ ಹೊಣೆ ಆ ಮಕ್ಕಳದೇ. ನಗರಾಡಳಿತ ಹಣ ಕೊಡುತ್ತಿದ್ದುದರಿಂದ ಶಾಲೆಗಳಿಗೆ ಖರ್ಚಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಪುಟ್ಟ ಮಕ್ಕಳಿಗಾಗಿ ಈ ತಂಡ ಮಾಡಿದ 'ಪೌ ವೌ' ಇದಕ್ಕೆ ಪ್ರಸಿದ್ಧ ಉದಾಹರಣೆ. ಒಬ್ಬ ಕೌಬಾಯ್, ಅವನು ಪಂಜರದಲ್ಲಿಟ್ಟು ಪ್ರದರ್ಶಿಸುವ ಒಬ್ಬ ಅಮೆರಿಕದ ಮೂಲನಿವಾಸಿ. ಯಾರನ್ನು ನಂಬಬೇಕು ಎಂಬುದನ್ನು ಮಕ್ಕಳೇ ತೀರ್ಮಾನಿಸಬೇಕು. ಮೂಲನಿವಾಸಿಯ ವೇಷ ತೊಟ್ಟು ಅವರ ಕಥೆ ಹೇಳುವುದನ್ನು ಇಂದು ಅಷ್ಟು ಸಲೀಸಾಗಿ ಯಾರೂ ಒಪ್ಪಲಾರರು. ಆದರೆ ಆರು ವರ್ಷದ ಮಗುವಿಗೂ ನ್ಯಾಯ-ಅನ್ಯಾಯದ ವಿವೇಚನೆಯಿದೆ ಎಂದು ನಂಬಿದ ಆ ಧೈರ್ಯ ಮಾತ್ರ ಹಳತಾಗಿಲ್ಲ.

1988ರ ಶಿಕ್ಷಣ ಕಾಯ್ದೆ ಹಣದ ಹಿಡಿತವನ್ನು ಸ್ಥಳೀಯ ಆಡಳಿತದಿಂದ ಒಂದೊಂದು ಶಾಲೆಯ ಕೈಗೆ ಕೊಟ್ಟಿತು. ಇಂಥ ತಂಡಗಳು ದೇಶದಾದ್ಯಂತ ಬಡವಾದವು. ಕವೆಂಟ್ರಿಯ ಮೂಲ ತಂಡವೂ 1996ರಲ್ಲಿ ಮುಚ್ಚಿತು. ಸಮುದಾಯದೊಡನೆ ಬೆಲ್‌ಗ್ರೇಡ್‌ನ ಕೆಲಸ ಬೇರೆ ರೂಪಗಳಲ್ಲಿ ಮುಂದುವರಿಯಿತು. ಪುಟ್ಟ ಗುಂಪಿನೊಡನೆ ನಿಧಾನವಾಗಿ ಮಾಡುವ ಕೆಲಸವನ್ನು ತಲೆ ಎಣಿಕೆಯಿಂದ ಅಳೆದರೆ ಅದು ಯಾವಾಗಲೂ ದುಬಾರಿಯಾಗಿಯೇ ಕಾಣುತ್ತದೆ.

ನಮ್ಮವರಿಗೆ ಇದನ್ನು ಓದುವಾಗ ಹೆಗ್ಗೋಡು ನೆನಪಾಗದಿರದು. 1985ರಲ್ಲಿ ನೀನಾಸಂ ತಿರುಗಾಟ ಆರಂಭವಾದಾಗ ದಿಕ್ಕು ಇದೇ ಆಗಿತ್ತು: ನಾಟಕ ಜನರಿದ್ದಲ್ಲಿಗೆ ಹೋಗಬೇಕು. ವಿಧಾನ ಮಾತ್ರ ಬೇರೆ. ತಿರುಗಾಟ ಊರೂರಿಗೆ ಒಯ್ದದ್ದು ಪೂರ್ಣ ಪ್ರಮಾಣದ ನಾಟಕಗಳನ್ನು. ಆಯಾ ಊರಿನ ಸಂಘಟಕರು ಹೊಣೆ ಹೊತ್ತು ಆಡಿಸುತ್ತ ಬಂದರು. ಕೆ.ವಿ. ಸುಬ್ಬಣ್ಣನವರಿಗೆ ನೋಡುಗರನ್ನು ಬೆಳೆಸುವುದು ನಟರನ್ನು ಬೆಳೆಸುವಷ್ಟೇ ಮುಖ್ಯವಾಗಿತ್ತು. ಕವೆಂಟ್ರಿಯಾಗಲಿ ಹೆಗ್ಗೋಡಾಗಲಿ, ಎದುರಿಗಿರುವವರಿಗೆ ಬುದ್ಧಿಯಿದೆ ಎಂಬ ಗೌರವದಿಂದಲೇ ಹೊರಟವು.

ಈ ಎರಡನ್ನೂ ಪಕ್ಕಕ್ಕಿಟ್ಟುಕೊಂಡು ಹೊರನಾಡಿನ ನಮ್ಮ ಯುಗಾದಿ, ರಾಜ್ಯೋತ್ಸವಗಳ ಮಕ್ಕಳ ನಾಟಕಗಳನ್ನು ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟು ಬಾಯಿಪಾಠ ಮಾಡಿಸಲಾಗುತ್ತದೆ. ವೇಷಭೂಷಣ ಸೊಗಸು, ಚಪ್ಪಾಳೆ ಜೋರು, ಅಪ್ಪ-ಅಮ್ಮಂದಿರ ಶ್ರಮವಂತೂ ದೊಡ್ಡದು. ಮಕ್ಕಳ ಸಭಾಕಂಪ ಬಿಡಿಸುವ ಮಟ್ಟಿಗೆ ಇದಕ್ಕೂ ಬೆಲೆಯಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪರದೆ ಬಿದ್ದ ಮರುಗಳಿಗೆ ಮಕ್ಕಳು ನೇಪಥ್ಯದಲ್ಲಿ ಇಂಗ್ಲಿಷಿನಲ್ಲೇ ಜಗಳವಾಡುತ್ತಾರೆ. ಅಲ್ಲಿ ಅವರಿಗೆ ಹೇಳುವುದಕ್ಕೆ ತಮ್ಮದೇ ಆದ ಏನೋ ಇರುತ್ತದೆ. ರಂಗದ ಮೇಲೆ ಕನ್ನಡದಲ್ಲಿ ಅಂಥದೇನೂ ಇರುವುದಿಲ್ಲ. ಹೇಳಲೇಬೇಕಾದದ್ದು ಇಲ್ಲದ ಭಾಷೆ ಎಷ್ಟು ದಿನ ಉಳಿದೀತು?

ಆದ್ದರಿಂದ ನಮ್ಮದೊಂದು ಸಲಹೆ. ಎಲ್ಲರಿಗೂ ಗೊತ್ತಿರುವ ಗೋವಿನ ಹಾಡಿನ ಕಥೆಯನ್ನೇ ತೆಗೆದುಕೊಳ್ಳೋಣ. ವೇದಿಕೆ ಬೇಡ, ಪ್ರೇಕ್ಷಕರು ಬೇಡ. ಇಪ್ಪತ್ತು ಮಕ್ಕಳು, ಪುಣ್ಯಕೋಟಿ, ಕರು, ಹುಲಿಯಾಗಿ ಮೂವರು ದೊಡ್ಡವರು. ಹುಲಿಗೆ ಕೊಟ್ಟ ಮಾತಿನಂತೆ ಪುಣ್ಯಕೋಟಿ ಹೊರಟು ನಿಂತಾಗ ಕಥೆಯನ್ನು ಅಲ್ಲೇ ನಿಲ್ಲಿಸಿ, "ನಾನು ಹೋಗಲೋ ಬೇಡವೋ, ನೀವೇ ಹೇಳಿ" ಎಂದು ಅವಳಿಂದ ಕೇಳಿಸಬೇಕು. "ಹೋಗಬೇಡ" ಎನ್ನುವ ಮಗು, "ಮಾತು ಕೊಟ್ಟಿದ್ದಾಳಲ್ಲ" ಎನ್ನುವ ಇನ್ನೊಂದು ಮಗು, ಇಬ್ಬರೂ ಅವಳಿಗೆ ಅರ್ಥವಾಗುವ ಕನ್ನಡದಲ್ಲೇ ವಾದಿಸಬೇಕಾಗುತ್ತದೆ. ವ್ಯಾಕರಣ ತಪ್ಪಲಿ, ನಡುವೆ ಎರಡು ಇಂಗ್ಲಿಷ್ ಪದ ನುಸುಳಲಿ, ಯಾರೂ ತಿದ್ದುವುದು ಬೇಡ.

ಖರ್ಚು ಒಂದು ಕೋಣೆಯ ಬಾಡಿಗೆ, ಮಕ್ಕಳಿಗೆ ಒಂದಿಷ್ಟು ತಿಂಡಿ. ಫೋಟೋಗಳು ಅಷ್ಟೇನೂ ಚೆನ್ನಾಗಿ ಬರಲಿಕ್ಕಿಲ್ಲ. ಮುಂದಿನ ಯುಗಾದಿಯೊಳಗೆ ಯಾವ ಊರಿನ ಬಳಗ ಇದನ್ನು ಮೊದಲು ಮಾಡುತ್ತದೋ ನೋಡೋಣ. ಅಲ್ಲಿನ ಮಕ್ಕಳು ಪುಣ್ಯಕೋಟಿಗೆ ಏನು ಹೇಳಿದರೆಂದು ನಮಗೆ ತಪ್ಪದೆ ಬರೆದು ತಿಳಿಸಿ.