ಅಳತೆಗೆ ಬೆರೆಸಿದ ಹಾರ್ಮೋನು

ಋತುಬಂಧದ ಹೊತ್ತಿನಲ್ಲಿ ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ದೆ ಕೆಡುವುದು ಮುಂತಾದ ತೊಂದರೆಗಳಿಗೆ ಅಮೆರಿಕದಲ್ಲಿ ಎರಡು ದಾರಿಯಿಂದ ಹಾರ್ಮೋನು ಸಿಗುತ್ತದೆ. ಒಂದು, ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಪರೀಕ್ಷಿಸಿ ಒಪ್ಪಿದ ಮಾತ್ರೆ, ಪ್ಯಾಚ್ ಮತ್ತು ಜೆಲ್. ಇನ್ನೊಂದು, ವೈದ್ಯರ ಚೀಟಿ ನೋಡಿ ಔಷಧದಂಗಡಿಯವರೇ ಒಬ್ಬೊಬ್ಬರಿಗೆ ಬೇರೆಯಾಗಿ ಬೆರೆಸಿಕೊಡುವ ಕ್ರೀಮು, ಕ್ಯಾಪ್ಸೂಲು ಮತ್ತು ಚರ್ಮದಡಿ ಇಡುವ ಪೆಲೆಟ್. ಹಳೆಯ ದವಾಖಾನೆಗಳಲ್ಲಿ ಕಾಂಪೌಂಡರ್ ಮಾಡುತ್ತಿದ್ದ ಕೆಲಸದ ಜಾತಿಯದೇ ಇದು. 'ಬಯೋಐಡೆಂಟಿಕಲ್' ಎಂಬ ಹೆಸರಿನಲ್ಲಿ ಮಾರಾಟವಾಗುವ ಈ ಎರಡನೆಯ ಬಗೆಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ವಾದ ನಡೆದಿದೆ.

ವಾದದ ಬೇರು 2002ರಲ್ಲಿದೆ. 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಅಧ್ಯಯನವು 50ರಿಂದ 79 ವಯಸ್ಸಿನ 16,608 ಮಹಿಳೆಯರಲ್ಲಿ ನಡೆಸುತ್ತಿದ್ದ ಜೋಡಿ ಹಾರ್ಮೋನಿನ ಪರೀಕ್ಷೆಯನ್ನು ಆ ವರ್ಷದ ಜುಲೈನಲ್ಲಿ ಅರ್ಧಕ್ಕೇ ನಿಲ್ಲಿಸಿತು. ಕೊಟ್ಟಿದ್ದು ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜೆನ್ ಮತ್ತು ಒಂದು ಕೃತಕ ಪ್ರೊಜೆಸ್ಟಿನ್. ಸ್ತನ ಕ್ಯಾನ್ಸರ್ ವರ್ಷಕ್ಕೆ 10,000 ಮಹಿಳೆಯರಲ್ಲಿ 30ರಿಂದ 38ಕ್ಕೆ ಏರಿತ್ತು. ಹೃದಯಾಘಾತ, ಪಾರ್ಶ್ವವಾಯು ಕೂಡ ಹೆಚ್ಚಿದ್ದವು. ಏರಿಕೆ ಸಣ್ಣದು, ಗಾಬರಿ ದೊಡ್ಡದು. ಲಕ್ಷಾಂತರ ಹೆಂಗಸರು ಮಾತ್ರೆ ಬಿಟ್ಟರು, ತೊಂದರೆ ಮಾತ್ರ ಬಿಡಲಿಲ್ಲ. ವೈದ್ಯರು ಕೈಚೆಲ್ಲಿದ ಆ ಜಾಗಕ್ಕೆ ಬೆರೆಸಿಕೊಡುವವರು ಬಂದರು. ನಟಿ ಸುಝಾನ್ ಸಾಮರ್ಸ್ ಅವರ ಜನಪ್ರಿಯ ಪುಸ್ತಕಗಳು ಈ ಬೆರೆಸುವವರಿಗೆ ಗಿರಾಕಿಗಳನ್ನು ತಂದವು.

ಇದು ಸಹಜ ಹಾರ್ಮೋನು ಎಂಬುದು ಬೆರೆಸುವವರ ಮೊದಲ ಮಾತು. ಕುದುರೆಯದಲ್ಲ, ಹೆಂಗಸಿನ ಅಂಡಾಶಯದ ಹಾರ್ಮೋನಿನದ್ದೇ ರಚನೆ ಎಂಬುದು ನಿಜ. ಆದರೆ ಎಫ್‌ಡಿಎ ಒಪ್ಪಿದ ಎಸ್ಟ್ರಡಯಾಲ್ (ಈಸ್ಟ್ರೋಜೆನ್ನಿನ ಒಂದು ಬಗೆ) ಪ್ಯಾಚಿನಲ್ಲಿರುವುದೂ ಅದೇ ರಚನೆ. ಪ್ರೊಜೆಸ್ಟೆರಾನ್ ಕ್ಯಾಪ್ಸೂಲಿಗೆ 1998ರಲ್ಲೇ ಒಪ್ಪಿಗೆ ಸಿಕ್ಕಿದೆ. ಎರಡನ್ನೂ ಕೂಡಿಸಿದ 'ಬಿಜುವಾ' 2018ರಲ್ಲಿ ಬಂದಿದೆ. ಇವಕ್ಕೂ ಅಂಗಡಿಯ ಕ್ರೀಮಿಗೂ ಮೂಲವಸ್ತು ಕಾಡುಗೆಣಸು ಇಲ್ಲವೇ ಸೋಯಾ, ಅದನ್ನು ಹಾರ್ಮೋನಾಗಿಸುವುದು ಕಾರ್ಖಾನೆ. ಸಹಜತೆಯ ವಾದಕ್ಕೆ ಇಲ್ಲಿ ಆಧಾರವಿಲ್ಲ.

ಒಬ್ಬೊಬ್ಬರ ಮೈಗೆ ತಕ್ಕ ಅಳತೆ ಎಂಬುದು ಎರಡನೆಯ ಮಾತು. ಕೇಳಲು ಹಿತವಾದದ್ದು, ಅದಕ್ಕೇ ಹೆಚ್ಚು ಪರೀಕ್ಷೆಗೆ ಒಡ್ಡಬೇಕಾದದ್ದು. ಎಷ್ಟೋ ಕಡೆ ಅಳತೆ ಗೊತ್ತುಮಾಡುವುದು ಎಂಜಲಿನ ಪರೀಕ್ಷೆಯಿಂದ. ಎಂಜಲಿನಲ್ಲಿ ಹಾರ್ಮೋನಿನ ಮಟ್ಟ ಗಂಟೆಗಂಟೆಗೂ ಏರಿಳಿಯುತ್ತದೆ, ತೊಂದರೆಯ ತೀವ್ರತೆಗೂ ಅದಕ್ಕೂ ತಾಳೆಯಿಲ್ಲ. ಮೇಲಾಗಿ ಇಂಥ ಮಿಶ್ರಣಗಳಲ್ಲಿ ಹೆಸರಾದ 'ಬೈಎಸ್ಟ್' ಸಾಮಾನ್ಯವಾಗಿ 80 ಪಾಲು ಎಸ್ಟ್ರಿಯಾಲ್ ಎಂಬ ಇನ್ನೊಂದು ಈಸ್ಟ್ರೋಜೆನ್, 20 ಪಾಲು ಎಸ್ಟ್ರಡಯಾಲ್ ಎಂಬ ಸಿದ್ಧ ಸೂತ್ರದಲ್ಲೇ ತಯಾರಾಗುತ್ತದೆ. ಅಳತೆಗೆ ಹೊಲಿದದ್ದೆಂದು ಕೊಡುವ ಇದೂ ಬಹುಪಾಲು ಸಿದ್ಧ ಉಡುಪೇ. ಎಸ್ಟ್ರಿಯಾಲ್ ಇರುವ ಯಾವ ಔಷಧಕ್ಕೂ ತನ್ನ ಒಪ್ಪಿಗೆಯಿಲ್ಲ ಎಂದು ಎಫ್‌ಡಿಎ 2008ರಲ್ಲಿ ಏಳು ಔಷಧದಂಗಡಿಗಳಿಗೆ ಎಚ್ಚರಿಕೆ ಪತ್ರ ಬರೆದಿತ್ತು.

ಹೇಳಿದ ಅಳತೆಯಾದರೂ ಡಬ್ಬಿಯಲ್ಲಿದೆಯೇ? ಎಫ್‌ಡಿಎ 2001ರಲ್ಲಿ 12 ಅಂಗಡಿಗಳಿಂದ ತರಿಸಿದ 29 ಬಗೆಬಗೆಯ ಬೆರಕೆ ಔಷಧಗಳಲ್ಲಿ 10 ಗುಣಮಟ್ಟದಲ್ಲಿ ಸೋತವು, ಅವುಗಳಲ್ಲಿ 9ಕ್ಕೆ ಸತ್ವವೇ ಸಾಲದಾಗಿತ್ತು. ಮಾದರಿ ಚಿಕ್ಕದು, ಹಾರ್ಮೋನಿಗಷ್ಟೇ ಸೀಮಿತವೂ ಅಲ್ಲ. ಆದರೂ ಹಾರ್ಮೋನಿನ ವಿಷಯದಲ್ಲಿ ಸತ್ವ ತಗ್ಗಿದರೆ ಅಪಾಯ ಬೇರೆಯದೇ. ಗರ್ಭಕೋಶವಿರುವ ಹೆಂಗಸು ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡರೆ ಗರ್ಭಕೋಶದ ಒಳಪದರ ಬೆಳೆದು ಕ್ಯಾನ್ಸರಿಗೆ ದಾರಿಯಾಗಬಹುದು. ಅದನ್ನು ತಡೆಯುವುದು ಪ್ರೊಜೆಸ್ಟೆರಾನ್. ಚರ್ಮಕ್ಕೆ ಸವರಿದ ಪ್ರೊಜೆಸ್ಟೆರಾನ್ ಕ್ರೀಮಿನಿಂದ ಆ ರಕ್ಷಣೆ ಸಿಗುತ್ತದೆಂಬ ಭರವಸೆಯಿಲ್ಲ.

ಪ್ಯಾಚಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಉದ್ದನೆಯ ಎಚ್ಚರಿಕೆಯ ಹಾಳೆಯಿರುತ್ತದೆ. ಬೆರೆಸಿದ ಕ್ರೀಮಿನ ಡಬ್ಬಿಗೆ ಹೆಸರು, ಪ್ರಮಾಣ, ದಿನಾಂಕದ ಚೀಟಿ ಅಂಟಿದ್ದರೆ ಸಾಕು. ಹಾಳೆಯಿಲ್ಲದ್ದನ್ನು ಅಪಾಯವಿಲ್ಲದ್ದೆಂದು ಓದಿಕೊಂಡವರು ಬಹಳ. ವೈದ್ಯರ ಚೀಟಿಗೆ ತಕ್ಕಂತೆ ಬೆರೆಸುವ ಅಂಗಡಿಗಳು ಅಡ್ಡಪರಿಣಾಮಗಳನ್ನು ಎಫ್‌ಡಿಎಗೆ ತಿಳಿಸಬೇಕೆಂಬ ಕಡ್ಡಾಯವೂ ಇಲ್ಲ. ಪೆಲೆಟ್ ವ್ಯವಹಾರದ ಕಂಪನಿಯೊಂದನ್ನು 2018ರಲ್ಲಿ ತಪಾಸಣೆ ಮಾಡಿದಾಗ, ಎಂದೂ ವರದಿಯಾಗದ 4,202 ಪ್ರಕರಣಗಳು ಸಿಕ್ಕವು. ಅವೆಲ್ಲಕ್ಕೂ ಪೆಲೆಟ್ಟೇ ಕಾರಣವೆಂದಲ್ಲ. ಕಾರಣವೇ ಅಲ್ಲವೇ ಎಂದು ನೋಡುವ ಅವಕಾಶವೇ ಇರಲಿಲ್ಲ ಎಂಬುದು ದೂರು.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ 2020ರ ವರದಿಯಲ್ಲಿ ಬೆರೆಸಿದ ಹಾರ್ಮೋನಿನ ಚಿಕಿತ್ಸೆಗೆ ಪುರಾವೆ ಸಾಲದೆಂದಿತು. ಒಪ್ಪಿತ ಔಷಧದ ಯಾವುದೋ ಅಂಶ ಒಗ್ಗದವರಿಗೆ, ಬೇರೆ ರೂಪದ ಔಷಧವೇ ಬೇಕಾದವರಿಗೆ ಮಾತ್ರ ಇದು ಮೀಸಲಾಗಲಿ ಎಂದಿತು. ಬೆರೆಸುವವರ ಸಂಘಟನೆಗಳು ಪ್ರತಿಭಟಿಸಿದವು. ಆದರೆ ವರದಿ ಬಾಗಿಲು ಪೂರ್ತಿ ಮುಚ್ಚಿಲ್ಲ. ಪ್ರೊಜೆಸ್ಟೆರಾನ್ ಕ್ಯಾಪ್ಸೂಲಿನಲ್ಲಿ ಕಡಲೆಕಾಯಿ ಎಣ್ಣೆಯಿದೆ. ಕಡಲೆಕಾಯಿ ಅಲರ್ಜಿಯಿರುವವಳಿಗೆ ಬೆರೆಸುವ ಅಂಗಡಿ ನಿಜಕ್ಕೂ ಬೇಕು. ಟೆಸ್ಟೋಸ್ಟೆರಾನ್ ವಿಷಯವೂ ಹಾಗೆಯೇ ತೊಡಕಿನದು. ಲೈಂಗಿಕ ಆಸಕ್ತಿ ತೀರ ಕುಗ್ಗಿದವರಿಗೆ ಅದರಿಂದ ಉಪಯೋಗವಿದ್ದರೂ ಹೆಂಗಸರಿಗೆಂದು ಎಫ್‌ಡಿಎ ಒಪ್ಪಿದ ಟೆಸ್ಟೋಸ್ಟೆರಾನ್ ಔಷಧ ಒಂದೂ ಇಲ್ಲ. ಆಸ್ಟ್ರೇಲಿಯಾ 2020ರಲ್ಲೇ ಅಂಥ ಕ್ರೀಮಿಗೆ ಒಪ್ಪಿಗೆ ಕೊಟ್ಟಿದೆ. ಈ ಕೊರತೆ ಉಳಿದಿರುವವರೆಗೆ ಬೆರೆಸುವವರನ್ನಷ್ಟೇ ದೂರುವುದು ನ್ಯಾಯವಲ್ಲ.

ಒಪ್ಪಿತ ಹಾರ್ಮೋನುಗಳ ಮೇಲಿದ್ದ ಕಪ್ಪು ಚೌಕದೊಳಗಿನ ಅತಿ ಗಂಭೀರ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಯುವುದಾಗಿ ಎಫ್‌ಡಿಎ ನವೆಂಬರ್ 2025ರಲ್ಲಿ ಪ್ರಕಟಿಸಿತು. ಈಸ್ಟ್ರೋಜೆನ್ ಒಂದನ್ನೇ ಮೈಗೆಲ್ಲ ಕೊಡುವ ಔಷಧಗಳ ಮೇಲಿನ ಗರ್ಭಕೋಶ ಕ್ಯಾನ್ಸರಿನ ಎಚ್ಚರಿಕೆಯನ್ನು ಮಾತ್ರ ಉಳಿಸಿಕೊಂಡಿತು. ಬೆರೆಸಿದ ಡಬ್ಬಿಯ ಮೇಲೆ ಆ ಎಚ್ಚರಿಕೆ ಮೊದಲೂ ಕಡ್ಡಾಯವಿರಲಿಲ್ಲ, ಈಗಲೂ ಇಲ್ಲ.