2400 ಎಂದರೆ ಯಾವ 2400?

ವಾರಗಟ್ಟಲೆ ಇಳಿಯದ ಜ್ವರ, ಊದಿದ ಗುಲ್ಮ, ದಿನದಿಂದ ದಿನಕ್ಕೆ ಕುಸಿಯುವ ಪ್ಲೇಟ್‌ಲೆಟ್. ಮಗುವಿಗೆ ಎಚ್‌ಎಲ್‌ಎಚ್ (ರೋಗನಿರೋಧಕ ವ್ಯವಸ್ಥೆ ಹದ್ದುಮೀರಿ ಕೆರಳುವ ಕಾಯಿಲೆ) ಇರಬಹುದೆಂಬ ಅನುಮಾನ ಬಂದಾಗ ವೈದ್ಯರು ಬರೆಯುವ ಪರೀಕ್ಷೆಗಳಲ್ಲಿ ಸಾಲ್ಯುಬಲ್ ಐಎಲ್-2 ರಿಸೆಪ್ಟರ್ ಒಂದು. ಕೆರಳಿದ ಟಿ ಕೋಶಗಳು ತಮ್ಮ ಮೈಮೇಲಿನ ಈ ಗ್ರಾಹಕ ಪ್ರೋಟೀನಿನ ಹೊರತುಂಡನ್ನು ರಕ್ತಕ್ಕೆ ಕಳಚಿಬಿಡುತ್ತವೆ. ಅದನ್ನು ಅಳೆಯುವುದು ಎಲಿಸಾ ಕಿಟ್.

ಕಿಟ್‌ನ ಚೆಲುವಿಗೆ ನಾನು ಇಂದಿಗೂ ಮರುಳು. 1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಪ್ರಕಟಿಸಿದ ಎಲಿಸಾ ವಿಧಾನದಿಂದ ಬೆಳೆದುಬಂದದ್ದು ಇದು. ಪ್ಲೇಟಿನಲ್ಲಿ 96 ವೆಲ್, ಅಂದರೆ ಪುಟ್ಟ ಗುಳಿಗಳು. ತಳಕ್ಕಂಟಿದ ಪ್ರತಿಕಾಯ ಪ್ರೋಟೀನನ್ನು ಹಿಡಿದರೆ, ಇನ್ನೊಂದು ಪ್ರತಿಕಾಯ ಬೇರೆ ಮಗ್ಗುಲಿಂದ ಅದನ್ನೇ ಕಚ್ಚುತ್ತದೆ. ತೊಳೆದು, ಪ್ಲೇಟನ್ನು ಬೋರಲು ಹಾಕಿ ಟಿಶ್ಯೂ ಮೇಲೆ ಟಪಟಪ ಬಡಿಯಬೇಕು. ಹನಿ ಉಳಿದರೆ ಬಣ್ಣ ಸುಳ್ಳು ಹೇಳುತ್ತದೆ. ಬಣ್ಣ ಬರಿಸುವ ಟಿಎಂಬಿ ಹಾಕಿದಾಗ ನಿಧಾನವಾಗಿ ನೀಲಿ ಏರುತ್ತದೆ, ಆಮ್ಲ ಬಿದ್ದೊಡನೆ ಹಳದಿ. ಆ ಹಳದಿಯ ಗಾಢತೆಯನ್ನು ರೀಡರ್ 450 ನ್ಯಾನೊಮೀಟರಿನಲ್ಲಿ ಓದುತ್ತದೆ.

ನನ್ನ ತಕರಾರು ಇರುವುದು ಆಮೇಲೆ ಅಚ್ಚಾಗುವ ಅಂಕೆಯ ಬಗ್ಗೆ. 1985ರಲ್ಲಿ ರೂಬಿನ್ ಮತ್ತು ಸಂಗಡಿಗರು ಈ ಪ್ರೋಟೀನನ್ನು ಮೊದಲು ಅಳೆದಾಗ, ಪ್ರಯೋಗಾಲಯದಲ್ಲಿ ಕೆರಳಿಸಿದ ರಕ್ತಕೋಶಗಳ ದ್ರವವನ್ನೇ ಮಾನಕವಾಗಿಟ್ಟು, ಅದಕ್ಕೊಂದು ಯೂನಿಟ್ ಸಂಖ್ಯೆ ಕೊಟ್ಟರು. ಬೇರೆ ದಾರಿಯೂ ಆಗ ಇರಲಿಲ್ಲ. ಆದರೆ ರೋಗ ಗುರುತಿಸಲು ಬಳಸುವ ಎಚ್‌ಎಲ್‌ಎಚ್-2004 ಮಾನದಂಡದ ಗೆರೆಯೂ ಯೂನಿಟ್‌ನಲ್ಲೇ ಇದೆ: ಮಿಲಿಲೀಟರಿಗೆ 2400. ಒಂದು ಕಿಟ್ ಯೂನಿಟ್ ಕೊಡುತ್ತದೆ, ಇನ್ನೊಂದು ಪಿಕೊಗ್ರಾಂ. ಪ್ರತಿಕಾಯಗಳು ಬೇರೆ, ಮಾನಕ ಬೇರೆ, ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ಗುಣಕವೂ ಬೇರೆ. ಅದೇ ರಕ್ತ ಎರಡು ಲ್ಯಾಬಿಗೆ ಹೋದರೆ ಗೆರೆಯ ಆಚೆಗೊಮ್ಮೆ ಈಚೆಗೊಮ್ಮೆ ನಿಲ್ಲಬಹುದು.

ಇನ್ನೊಂದು ಅಪಾಯ ರೋಗ ಉಲ್ಬಣಿಸಿದಾಗಲೇ ಎದುರಾಗುತ್ತದೆ. ಮಾದರಿಯನ್ನೂ ಎರಡನೇ ಪ್ರತಿಕಾಯವನ್ನೂ ಒಟ್ಟಿಗೇ ಸುರಿಯುವ ಕಿಟ್‌ಗಳಲ್ಲಿ ಪ್ರೋಟೀನು ವಿಪರೀತವಾದರೆ ಎರಡೂ ಪ್ರತಿಕಾಯಗಳು ಬೇರೆಬೇರೆ ತುಂಡು ಹಿಡಿದು ಕೂರುತ್ತವೆ, ಬಣ್ಣ ತಗ್ಗುತ್ತದೆ. ಅತಿ ಹೆಚ್ಚಿರುವುದು ಕಡಿಮೆಯೆಂದು ಕಾಣುತ್ತದೆ. ಮಾದರಿಯನ್ನು ಇನ್ನಷ್ಟು ತೆಳುಮಾಡಿ ಮತ್ತೊಮ್ಮೆ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಎರಡು ವೆಲ್ ಹೆಚ್ಚು ಖರ್ಚು, ಅಷ್ಟೇ. ಆ ಎರಡು ವೆಲ್ ಉಳಿಸುವ ಲ್ಯಾಬನ್ನು ನಾನು ಒಪ್ಪಲಾರೆ.

ಎಷ್ಟೋ ಕಿಟ್‌ಗಳ ಡಬ್ಬಿಯ ಮೇಲೆ 'ಸಂಶೋಧನೆಗೆ ಮಾತ್ರ' ಎಂದು ಸಣ್ಣಕ್ಷರದಲ್ಲಿರುತ್ತದೆ. ಅಂಥ ಕಿಟ್‌ನ ಅಂಕೆ ನೋಡಿ ಮಗುವಿಗೆ ಎಟೊಪೊಸೈಡ್ ಎಂಬ ಕೀಮೋ ಔಷಧ ಶುರುಮಾಡುವುದು ಸರಿಯಲ್ಲ. ವರದಿಯಲ್ಲಿ ಕಿಟ್‌ನ ಹೆಸರು, ಯೂನಿಟ್, ಆ ಲ್ಯಾಬೇ ಆರೋಗ್ಯವಂತರಲ್ಲಿ ಅಳೆದುಕೊಂಡ ಮಿತಿ, ಈ ಮೂರೂ ಅಚ್ಚಾಗಲಿ. ಮರುಪರೀಕ್ಷೆ ಅದೇ ಕಿಟ್‌ನಲ್ಲಿ ನಡೆಯಲಿ.