ತಡವಾಗಿ ಬಂದವನ ಪ್ರಾರ್ಥನೆ: ಯೆಹೂದ್ಯ ಧರ್ಮಶಾಸ್ತ್ರದ ಒಂದು ಬಲಾಬಲವಿಚಾರ

ಸಾಮೂಹಿಕ ಪ್ರಾರ್ಥನೆ ಆರಂಭವಾದ ಬಳಿಕ ಸಭಾಮಂದಿರವನ್ನು ಪ್ರವೇಶಿಸಿದವನು ಏನು ಮಾಡತಕ್ಕದ್ದು ಎಂಬ ಪ್ರಶ್ನೆಯನ್ನು ಯೆಹೂದ್ಯ ಧರ್ಮಶಾಸ್ತ್ರವು ಬಹು ಸೂಕ್ಷ್ಮವಾಗಿ ಚರ್ಚಿಸಿದೆ. ಹೊರಗಿನವರಿಗೆ ಈ ಚರ್ಚೆ ಬರಿಯ ಲೆಕ್ಕಾಚಾರವೆಂದು ತೋರುವುದು ಸಹಜ. ಇಷ್ಟು ಕೀರ್ತನೆಗಳನ್ನು ಬಿಡತಕ್ಕದ್ದು, ಇಷ್ಟನ್ನು ಹೇಳತಕ್ಕದ್ದು, ಇಂಥಲ್ಲಿ ಸೇರಿಕೊಳ್ಳತಕ್ಕದ್ದು ಎಂಬ ವಿಧಿಗಳೇ ಅದರಲ್ಲಿ ತುಂಬಿವೆ. ಆದರದಿಂದ ಓದುವವರಾದರೋ ಸಮುದಾಯವೇ ಸರ್ವಸ್ವವೆಂಬ ಏಕತತ್ತ್ವವನ್ನು ಇಲ್ಲಿ ಕಾಣಬಹುದು. ಈ ಎರಡು ದೃಷ್ಟಿಗಳೂ ಮೂಲಗ್ರಂಥಗಳಿಗೆ ನ್ಯಾಯ ಸಲ್ಲಿಸುವುದಿಲ್ಲವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಬೆಳಗಿನ ಪ್ರಾರ್ಥನೆಯ ರಚನೆಯನ್ನು ತಿಳಿಯಬೇಕು. ಆದಿಯಲ್ಲಿ ಕೀರ್ತನೆಗಳೇ ಮೊದಲಾದ ಸ್ತುತಿಭಾಗವಿದೆ. ಅದರ ಆರಂಭಕ್ಕೊಂದು, ಮುಕ್ತಾಯಕ್ಕೊಂದು ಸ್ತುತಿವಚನವುಂಟು. ಅನಂತರ ದೇವರ ಏಕತ್ವವನ್ನು ಸಾರುವ 'ಶೆಮಾ' ಮತ್ತು ಅದರ ಹಿಂದುಮುಂದಿನ ಸ್ತುತಿವಚನಗಳು. ಇವುಗಳಲ್ಲಿ ಕೊನೆಯದು ಈಜಿಪ್ಟಿನ ದಾಸ್ಯದಿಂದಾದ ಬಿಡುಗಡೆಯನ್ನು ಸ್ಮರಿಸುತ್ತದೆ. ಅದರ ಬೆನ್ನಿಗೇ ಎದ್ದುನಿಂತು ಮೆಲುದನಿಯಲ್ಲಿ ಹೇಳುವ ಮುಖ್ಯ ಪ್ರಾರ್ಥನೆ 'ಅಮೀದಾ'. ಬಳಿಕ ನೇತಾರನು ಅದನ್ನೇ ಗಟ್ಟಿಯಾಗಿ ಪುನರುಚ್ಚರಿಸುತ್ತಾನೆ. ಆಗ ಸಭೆಯೆಲ್ಲ ಕೂಡಿ ಹೇಳುವ ಪಾವನಸ್ತುತಿಗೆ 'ಕೆದುಶಾ' ಎಂದು ಹೆಸರು. ಸಾಂಪ್ರದಾಯಿಕ ವಿಧಿಯಂತೆ ಇದಕ್ಕೆ ಪ್ರಾಪ್ತವಯಸ್ಕರಾದ ಹತ್ತು ಮಂದಿ ಪುರುಷರ ಕೂಟ ಅವಶ್ಯ.

ಬ್ಯಾಬಿಲೋನಿನ ತಾಲ್ಮೂದಿನ 'ಬೆರಾಖೋತ್' ಪ್ರಕರಣದ 21ನೆಯ ಹಾಳೆಯಲ್ಲಿ ಈ ವಿಷಯದ ಒಂದು ಮತಭೇದ ಕಾಣಸಿಗುತ್ತದೆ. ಸಭೆ ಅಮೀದಾದಲ್ಲಿ ತೊಡಗಿರುವಾಗ ಬಂದವನು, ನೇತಾರನು 'ಮೋದೀಮ್' ಎಂಬ ಕೃತಜ್ಞತಾವಚನವನ್ನು ಮುಟ್ಟುವುದರೊಳಗೆ ತನ್ನ ಪ್ರಾರ್ಥನೆಯನ್ನು ಮುಗಿಸಬಲ್ಲನಾದರೆ ಮಾತ್ರ ತೊಡಗಲಿ ಎಂಬುದು ರಾವ್ ಹೂನಾನ ಮತ. ಅದಕ್ಕೂ ಮುಂಚೆ ಬರುವ ಕೆದುಶಾವೇ ಗಡುವು ಎಂಬುದು ಯೆಹೋಶುವ ಬೆನ್ ಲೇವಿಯ ಮತ. ಮೇಲುನೋಟಕ್ಕೆ ಇದು ಕೆಲವು ನಿಮಿಷಗಳ ಭೇದ. ಆದರೆ ತಾಲ್ಮೂದು ಅಲ್ಲಿಯೇ ಕಾರಣವನ್ನು ಬಗೆದು ನೋಡುತ್ತದೆ. ಒಬ್ಬಂಟಿಯು ಕೆದುಶಾವನ್ನು ಹೇಳಬಲ್ಲನೆಂದು ಮೊದಲನೆಯವನು ತಿಳಿದರೆ, ಹೇಳಲಾರನೆಂದು ಎರಡನೆಯವನು ತಿಳಿಯುತ್ತಾನೆ. ಅಂದರೆ ಗಡುವನ್ನು ನಿರ್ಣಯಿಸಿದ್ದು ಗಳಿಗೆಯ ಲೆಕ್ಕವಲ್ಲ. ಮನುಷ್ಯನು ಒಬ್ಬನೇ ನಿಂತು ಯಾವುದನ್ನು ಮಾಡಲಾರ ಎಂಬ ಪ್ರಶ್ನೆ. ಲೆಕ್ಕಾಚಾರವೆಂಬ ಆಕ್ಷೇಪಕ್ಕೆ ಇದೇ ಸಮಾಧಾನ.

ಇನ್ನು ಸಮುದಾಯವೇ ಸರ್ವಸ್ವವೆಂಬ ಮಾತು. ಸಫೇದ್ ನಗರದ ಯೋಸೇಫ್ ಕಾರೋ (1488–1575) ರಚಿಸಿ, 1565ರಲ್ಲಿ ವೆನಿಸ್ಸಿನಲ್ಲಿ ಮೊದಲು ಅಚ್ಚಾದ 'ಶುಲ್ಖಾನ್ ಆರೂಖ್' ಸಂಹಿತೆಯ ಪ್ರಥಮ ಭಾಗದ 52ನೆಯ ಅಧ್ಯಾಯ ಈ ಮಾತಿಗೆ ಬೆಂಬಲವಾಗಿ ತೋರುತ್ತದೆ. ತಡವಾಗಿ ಬಂದವನು ಸ್ತುತಿಭಾಗದ ಬಹ್ವಂಶವನ್ನು ಬಿಟ್ಟು, ಎರಡು ತುದಿಯ ಸ್ತುತಿವಚನಗಳನ್ನೂ 145, 148, 150ನೆಯ ಕೀರ್ತನೆಗಳನ್ನೂ ಹೇಳಿ ಸಭೆಯನ್ನು ಕೂಡಿಕೊಳ್ಳಬೇಕು. ಅಷ್ಟಕ್ಕೂ ವೇಳೆಯಿಲ್ಲದಿದ್ದರೆ 148ನ್ನೂ ಬಿಡಬಹುದು. ಏನೂ ಅವಕಾಶವಿಲ್ಲವಾದರೆ ಸಭೆಯೊಡನೆ ಶೆಮಾ ಮತ್ತು ಅಮೀದಾಗಳನ್ನು ಮುಗಿಸಿ, ಬಿಟ್ಟ ಕೀರ್ತನೆಗಳನ್ನು ಆಮೇಲೆ ಸ್ತುತಿವಚನಗಳಿಲ್ಲದೆ ಓದಬೇಕು.

ಆದರೆ ಅದೇ ಗ್ರಂಥದ 111ನೆಯ ಅಧ್ಯಾಯ ಬೇರೆ ಮಾತನ್ನು ಹೇಳುತ್ತದೆ. ಬೆಳಗ್ಗೆ ಶೆಮಾ ಹೇಳದೆಯೇ ಬಂದವನಿಗೆ ಸಭೆ ಅಮೀದಾಕ್ಕೆ ನಿಂತಿರುವುದು ಕಂಡರೆ, ಅವನು ಅವರೊಡನೆ ಸೇರಕೂಡದು. ಮೊದಲು ಶೆಮಾವನ್ನು ಹೇಳಿ, ಬಿಡುಗಡೆಯ ಸ್ಮರಣೆಗೆ ಪ್ರಾರ್ಥನೆಯನ್ನು ಹೊಂದಿಸಿಕೊಂಡು, ಬಳಿಕ ಅಮೀದಾವನ್ನು ಹೇಳಬೇಕು. ಸಂಜೆಯ ಪ್ರಾರ್ಥನೆಯಲ್ಲಿಯೋ 236ನೆಯ ಅಧ್ಯಾಯದಂತೆ ಕ್ರಮ ತಲೆಕೆಳಗಾಗುತ್ತದೆ: ಸಭೆಯೊಡನೆ ಅಮೀದಾ ಮೊದಲು, ಶೆಮಾ ಆಮೇಲೆ. ಬಿಡುಗಡೆಯ ಸ್ಮರಣೆಗೂ ಪ್ರಾರ್ಥನೆಗೂ ಇರುವ ಬಂಧ ಬೆಳಗ್ಗೆ ಇರುವಷ್ಟು ಬಿಗಿಯಾಗಿ ಸಂಜೆ ಇಲ್ಲವೆಂಬುದೇ ಇದರ ಆಧಾರ. ನಮ್ಮ ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಶುದ್ಧವಾದ ಬಲಾಬಲವಿಚಾರ. ಕೀರ್ತನೆಗಳಿಗಿಂತ ಸಮುದಾಯ ಬಲವತ್ತರ. ಬೆಳಗಿನ ಬಂಧ ಸಮುದಾಯಕ್ಕಿಂತ ಬಲವತ್ತರ. ಸಂಜೆಯ ಬಂಧ ಸಮುದಾಯದೆದುರು ದುರ್ಬಲ. ಬಿಡುಗಡೆಯನ್ನು ನೆನೆಯದೆ ಬೇಡಲು ನಿಂತವನು ಹತ್ತು ಮಂದಿಯ ನಡುವೆ ಇದ್ದರೂ ತನ್ನ ಎಡೆಯಲ್ಲಿಲ್ಲವೆಂಬುದು ಬೆಳಗಿನ ವಿಧಿಯ ಅಭಿಪ್ರಾಯವೆಂದು ನನಗೆ ತೋರುತ್ತದೆ.

ಇಲ್ಲಿ ಒಂದು ವಿರೋಧವನ್ನು ಮುಚ್ಚಿಡಬಾರದು. ಕಾರೋ ಶಾಸ್ತ್ರಕಾರನಷ್ಟೇ ಅಲ್ಲ, ಅನುಭಾವಿಯೂ ಹೌದು. 'ಮಗ್ಗೀದ್' ಎಂಬ ದಿವ್ಯವಾಣಿ ತನ್ನೊಡನೆ ಮಾತನಾಡುತ್ತಿತ್ತೆಂದು ಅವನು ನಂಬಿದ್ದನು. ಬೇಗನೆ ಬಂದು ಕ್ರಮಪ್ರಕಾರ ಪ್ರಾರ್ಥಿಸಬೇಕು, ನಡುವೆ ಬಿಟ್ಟು ಹಾರಿದರೆ ದಿವ್ಯಕೃಪೆಯ ಕಾಲುವೆಗಳೇ ತಿರುವುಮುರುವಾಗುವುವು ಎಂದು ಆ ವಾಣಿ ಅವನನ್ನು ಎಚ್ಚರಿಸಿತೆಂದು ಇಸ್ರಾಯೇಲ್ ಮೇಯಿರ್ ಕಾಗನ್ನನ 'ಮಿಶ್ನಾ ಬೆರೂರಾ' ವ್ಯಾಖ್ಯಾನವು ಇದೇ 52ನೆಯ ಅಧ್ಯಾಯದ ಕೆಳಗೆ ಉದ್ಧರಿಸುತ್ತದೆ. ಬಿಡಬಹುದೆಂದು ವಿಧಿಸಿದವನಿಗೇ ಬಿಡಬೇಡವೆಂಬ ಎಚ್ಚರಿಕೆ! ಆದರೂ ಇದನ್ನು ಸ್ವವಿರೋಧವೆನ್ನಲಾಗದು. ಎಚ್ಚರಿಕೆ ಇರುವುದು ಇನ್ನೂ ಮನೆಯಲ್ಲಿರುವವನಿಗೆ. ವಿಧಿ ಇರುವುದು ಈಗಾಗಲೇ ಬಾಗಿಲಲ್ಲಿ ನಿಂತವನಿಗೆ. ಮೊದಲನೆಯವನಿಗೆ ತೋರಿಸುವ ಕಠಿಣತೆಯನ್ನು ಎರಡನೆಯವನಿಗೂ ತೋರಿಸಿದರೆ ಅವನು ಬಾಗಿಲಿನಿಂದಲೇ ಹಿಂತಿರುಗಿಯಾನು. ಸಂಹಿತೆಯ 52ನೆಯ ಅಧ್ಯಾಯದಲ್ಲಿ ತಡಮಾಡಿದವನನ್ನು ನಿಂದಿಸುವ ಮಾತು ಒಂದೂ ಇಲ್ಲವೆಂಬುದು ಗಮನಾರ್ಹ.

ಕೊನೆಯದಾಗಿ, ಹೊಣೆ ತಡವಾಗಿ ಬಂದವನೊಬ್ಬನದೇ ಅಲ್ಲ. ಸಬ್ಬತ್ತಿನ ಮುನ್ನಿರುಳು ಅಮೀದಾದ ಬಳಿಕ ನೇತಾರನು ಹೇಳುವ ಒಂದು ಸಂಕ್ಷಿಪ್ತ ಸ್ತುತಿಯುಂಟು. ಅದು ಅಪಾಯದ ಕಾರಣದಿಂದ ಏರ್ಪಟ್ಟಿತೆಂದು ತಾಲ್ಮೂದಿನ 'ಶಬ್ಬಾತ್' ಪ್ರಕರಣ (24ನೆಯ ಹಾಳೆ) ಹೇಳುತ್ತದೆ. ಸಭಾಮಂದಿರಗಳು ಊರ ಹೊರಗಿದ್ದುವು. ತಡವಾಗಿ ಬಂದವರು ಕತ್ತಲಲ್ಲಿ ಒಬ್ಬಂಟಿಗರಾಗಿ ಉಳಿಯದಿರಲೆಂದು ಪ್ರಾರ್ಥನೆಯನ್ನೇ ಲಂಬಿಸಿದರು ಎಂಬುದು 1105ರಲ್ಲಿ ತೀರಿಕೊಂಡ ರಾಶಿಯ ವಿವರಣೆ. ಅಲ್ಲಿ ಬಂದವನು ತನ್ನ ಪಾಠವನ್ನು ಮೊಟಕುಗೊಳಿಸಿದ. ಇಲ್ಲಿ ಸಭೆ ತನ್ನ ಪಾಠವನ್ನು ಬೆಳೆಸಿತು. ಅಪಾಯ ನೀಗಿದ ಮೇಲೂ ಆ ಸ್ತುತಿ ಉಳಿದುಬಂದಿದೆ.

ಇಷ್ಟರಿಂದ ತಿಳಿಯುವುದೇನೆಂದರೆ, ಈ ಶಾಸ್ತ್ರಭಾಗ ಗಣಿತವೂ ಅಲ್ಲ, ಸಮುದಾಯದ ಏಕಪಕ್ಷೀಯವಾದ ಸ್ತೋತ್ರವೂ ಅಲ್ಲ. ಕಳೆದುಹೋದ ವೇಳೆಯನ್ನು ಮರಳಿ ತರಲಾಗದೆಂದು ಒಪ್ಪಿಕೊಂಡು, ಉಳಿದ ವೇಳೆಯಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು ಎಂದು ವಿವೇಚಿಸುವ ಶಾಸ್ತ್ರವಿದು. ಅದರ ಗಾಂಭೀರ್ಯವಿರುವುದು ಈ ವಿವೇಚನೆಯಲ್ಲಿಯೇ.